ಕುಂಬಳಕಾಯಿ ದೀಪದ ಬೆಳಕಿನಲ್ಲೊಂದು ಮದುವೆ



ಎರಡು ತಿಂಗಳಿಂದ ಮೇಷ್ಟ್ರು ಏನನ್ನೂ ಬರೆದಿಲ್ಲವೆಂದು ನಿಮ್ಮಲ್ಲಿ ಕೆಲವರು ಆಕ್ಷೇಪಿಸಿದ್ದೀರಿ. ಇದಕ್ಕೆ ಕಾರಣ ನನ್ನ ಅಕ್ಕ. ಎಪ್ಪತ್ತೈದು ದಾಟಿದ ಆಕೆ ಒಂದು ಸಂಜೆ ದೂರವಾಣಿಯಲ್ಲಿ ಕರೆದು, ಕುಶಲವನ್ನೂ ವಿಚಾರಿಸದೆ, "ಹ್ಯಾಲೊವೀನ್ ಅಂದ್ರೆ ದೆವ್ವದ ಹಬ್ಬವಂತೆ, ಹೌದೇನೋ?" ಎಂದಳು. ನಾನು ಅಷ್ಟೇ ಚುಟುಕಾಗಿ ಹೌದೆಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದವನಿಗೆ ಹೌದು ಅಲ್ಲ ಎಂಬ ಒಂದು ಪದದ ಉತ್ತರ ಬಾಯಿಗೆ ಬರುವುದಿಲ್ಲ. "ಯಾಕೆ ಕೇಳ್ತೀಯ?" ಎಂದೆ.

ವಿಷಯ ಇಷ್ಟು. ಅಮೆರಿಕದಲ್ಲಿ ನೌಕರಿಯಲ್ಲಿರುವ ಆಕೆಯ ಮೊಮ್ಮಗಳಿಗೆ ಅಲ್ಲಿಯ ಹುಡುಗನೊಬ್ಬನೊಡನೆ ಮದುವೆ ಗೊತ್ತಾಗಿದೆ. ಹುಡುಗನ ಹಿರಿಯರು ಐರ್ಲೆಂಡಿನಿಂದ ಬಂದು ನೆಲೆಸಿದವರು. ಅಕ್ಕ ಅದಕ್ಕೆ ಅಡ್ಡಿ ಹೇಳಿದವಳಲ್ಲ. ಇಬ್ಬರೂ ಸೇರಿ ಆರಿಸಿಕೊಂಡ ದಿನ ಮಾತ್ರ ಅಕ್ಟೋಬರ್ 31. ಮಂಟಪಕ್ಕೆ ಕೆಂಪು ಹಳದಿ ಎಲೆಗಳ ತೋರಣ, ಕುಂಬಳಕಾಯಿಯೊಳಗೆ ದೀಪ, ಕಿತ್ತಳೆ ಬಣ್ಣದ ಸೀರೆ. ಸಂಜೆಯ ಊಟಕ್ಕೆ ಬರುವವರೆಲ್ಲ ವೇಷ ಧರಿಸಿ ಬರಬೇಕಂತೆ. ಪೊರಕೆ ಹಿಡಿದ ಮಾಟಗಾತಿಯರ ಗೊಂಬೆಗಳನ್ನು ಬಾಗಿಲಿಗೆ ತೂಗುಹಾಕುತ್ತಾರಂತೆ. "ಹೆಣ್ಣು ಹೊಸಿಲು ದಾಟೋ ದಿನ ಭೂತ ಪ್ರೇತಗಳನ್ನ ಕರೀತಾರೇನೋ? ನೀನು ಓದಿಕೊಂಡವನು, ಅವಳಿಗೆ ನೀನೇ ಹೇಳು. ನನ್ನ ಮಾತು ಅವಳು ಕೇಳಲ್ಲ" ಎಂದು ಹೇಳಿ ದೂರವಾಣಿ ಇಟ್ಟಳು.

ಹೇಳುವ ಮೊದಲು ತಿಳಿದುಕೊಳ್ಳಬೇಕಲ್ಲ? ಓದುತ್ತ ಹೋದಂತೆ, ಅಕ್ಕನ ಪರವಾಗಿ ಮೊಮ್ಮಗಳಿಗೆ ಹೇಳಬೇಕಾದದ್ದು ಕಡಿಮೆಯಾಗಿ, ಮೊಮ್ಮಗಳ ಪರವಾಗಿ ಅಕ್ಕನಿಗೆ ಹೇಳಬೇಕಾದದ್ದೇ ಹೆಚ್ಚಾಗುತ್ತ ಬಂತು. ಒಂದು ವಿಷಯದಲ್ಲಿ ಮಾತ್ರ ನಾನು ಅಕ್ಕನ ಕಡೆಗೇ ವಾಲಿದೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲಿಗೆ ಅಕ್ಕನ ಆಕ್ಷೇಪಣೆಯನ್ನೇ ನೋಡೋಣ. ಸತ್ತವರ ದಿನಗಳಲ್ಲಿ ಮದುವೆ ಮಾಡಬಾರದೆಂಬ ಭಾವನೆ ನಮ್ಮದು ಮಾತ್ರವಲ್ಲ. ಪ್ರಾಚೀನ ರೋಮಿನಲ್ಲಿ ಮೇ ತಿಂಗಳ 9, 11 ಮತ್ತು 13ನೆಯ ದಿನಗಳಲ್ಲಿ 'ಲೆಮೂರಿಯ' ಎಂಬ ಆಚರಣೆಯಿತ್ತು. ಮನೆಯ ಯಜಮಾನ ನಡುರಾತ್ರಿ ಬರಿಗಾಲಲ್ಲಿ ಎದ್ದು, ಹಿಂತಿರುಗಿ ನೋಡದೆ ಕಪ್ಪು ಅವರೆಯಂಥ ಕಾಳುಗಳನ್ನು ಬೆನ್ನ ಹಿಂದಕ್ಕೆ ಎಸೆಯುತ್ತ, ಪ್ರೇತಗಳು ಅವನ್ನು ಆಯ್ದುಕೊಂಡು ಮನೆಬಿಟ್ಟು ಹೋಗಲೆಂದು ಒಂಬತ್ತು ಸಲ ಹೇಳುತ್ತಿದ್ದನು. ನಮ್ಮ ಎಳ್ಳನ್ನು ಬಲ್ಲವರಿಗೆ ಈ ಕಪ್ಪು ಕಾಳು ವಿಚಿತ್ರವೆನಿಸದು. ಈ ದಿನಗಳಿರುವ ಕಾರಣ ಮೇ ತಿಂಗಳು ಕನ್ಯೆಗೂ ಆಗದು, ವಿಧವೆಯ ಮರುವಿವಾಹಕ್ಕೂ ಆಗದು ಎಂಬ ನಂಬಿಕೆಯನ್ನು ಕವಿ ಓವಿಡ್ ತನ್ನ 'ಫಾಸ್ಟಿ' ಕಾವ್ಯದಲ್ಲಿ ದಾಖಲಿಸಿದ್ದಾನೆ. ಮಹಾಲಯ ಪಕ್ಷದಲ್ಲಿ ನಾವು ಶುಭಕಾರ್ಯ ಮಾಡುವುದಿಲ್ಲ, ಅವರೂ ಮಾಡುತ್ತಿರಲಿಲ್ಲ. ಎರಡು ಸಾವಿರ ವರ್ಷಗಳ ಹಿಂದಿನ ರೋಮಿನ ಅಜ್ಜಿಯೊಬ್ಬಳು ನನ್ನ ಅಕ್ಕನೊಡನೆ ಕುಳಿತು ಮಾತಾಡಿದ್ದರೆ ಇಬ್ಬರಿಗೂ ಚೆನ್ನಾಗಿ ಹೊಂದಿಕೆಯಾಗುತ್ತಿತ್ತು.

ಕ್ರೈಸ್ತಧರ್ಮ ಬಂದ ಮೇಲೆ ನಡೆದದ್ದು ಇನ್ನೂ ಸ್ವಾರಸ್ಯಕರ. 609ರಲ್ಲಿ ನಾಲ್ಕನೆಯ ಬೊನಿಫೇಸ್ ಎಂಬ ಪೋಪ್ ರೋಮಿನ ಪ್ಯಾಂಥಿಯನ್ ದೇಗುಲವನ್ನು ಮೇರಿಗೂ ಹುತಾತ್ಮರಿಗೂ ಸಮರ್ಪಿಸಿದ. ದಿನ ಮೇ 13! ಎಂಟನೆಯ ಶತಮಾನದಲ್ಲಿ ಮೂರನೆಯ ಗ್ರೆಗರಿ ಸಂತ ಪೀಟರನ ಇಗರ್ಜಿಯಲ್ಲಿ ಎಲ್ಲ ಸಂತರಿಗಾಗಿ ಒಂದು ಪೂಜಾಸ್ಥಳವನ್ನು ಮೀಸಲಿಟ್ಟ. 835ರ ಸುಮಾರಿಗೆ ನಾಲ್ಕನೆಯ ಗ್ರೆಗರಿಯ ಕಾಲದಲ್ಲಿ ಫ್ರಾಂಕರ ರಾಜ್ಯದಲ್ಲೆಲ್ಲ ನವೆಂಬರ್ 1 ಸಕಲ ಸಂತರ ಹಬ್ಬವೆಂದು ನಿಂತಿತು. 'ಹ್ಯಾಲೊ' ಎಂದರೆ ಹಳೆಯ ಇಂಗ್ಲಿಷಿನಲ್ಲಿ ಸಂತ ಅಥವಾ ಪವಿತ್ರ ವ್ಯಕ್ತಿ. 'ಈನ್' ಎಂಬುದು ಸಂಜೆ ಎಂಬುದರ ಸಂಕ್ಷೇಪ. ಸಂತರ ಹಬ್ಬದ ಹಿಂದಿನ ಸಂಜೆಯೇ ಹ್ಯಾಲೊವೀನ್. ಹೆಸರಿನಲ್ಲಿ ದೆವ್ವವಿಲ್ಲ. ಐರ್ಲೆಂಡ್, ಸ್ಕಾಟ್ಲೆಂಡುಗಳಲ್ಲಿ ಇದೇ ಹೊತ್ತಿಗೆ 'ಸಾವಿನ್' ಎಂಬ ಹಳೆಯ ಹಬ್ಬವಿತ್ತು. ಉಚ್ಚಾರಣೆಯಿಂದ ಗಾಬರಿಯಾಗಬೇಡಿ, ನಮ್ಮ ಸಾವಿಗೂ ಅದಕ್ಕೂ ಸಂಬಂಧವಿಲ್ಲ. ಬೇಸಗೆ ಮುಗಿದು ಚಳಿಗಾಲ ಹುಟ್ಟುವ ಸಂಧಿ ಅದು. ಬೆಟ್ಟದ ಮೇಯುವ ದನಗಳನ್ನು ಕೊಟ್ಟಿಗೆಗೆ ಇಳಿಸಿ, ಬೆಂಕಿ ಹಾಕಿ, ಈ ಲೋಕಕ್ಕೂ ಆ ಲೋಕಕ್ಕೂ ನಡುವಣ ಬಾಗಿಲು ಆ ರಾತ್ರಿ ತೆರೆದಿರುತ್ತದೆಂದು ನಂಬುತ್ತಿದ್ದರು.

ಬಾಗಿಲು ತೆರೆದರೆ ಬರುವುದು ಪ್ರೇತ ಮಾತ್ರವೇ? ಹಳ್ಳಿಯ ಹುಡುಗ ಹುಡುಗಿಯರು ಆ ತೆರೆದ ಬಾಗಿಲಿನಿಂದ ಕೇಳಿದ್ದು ಬೇರೆಯದೇ ಪ್ರಶ್ನೆ: ನನಗೆ ಯಾರು ಸಿಗುತ್ತಾರೆ?

ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ 'ಹ್ಯಾಲೊವೀನ್' ಎಂಬ ದೀರ್ಘ ಕವಿತೆಯೊಂದನ್ನು ಬರೆದು ಮರುವರ್ಷದ ತನ್ನ ಮೊದಲ ಸಂಕಲನದಲ್ಲಿ ಅಚ್ಚು ಹಾಕಿಸಿದ. ಪಟ್ಟಣದ ಓದುಗರಿಗೆ ಹಳ್ಳಿಯ ಆಚರಣೆಗಳು ತಿಳಿಯವೆಂದು ತಾನೇ ಅಡಿಟಿಪ್ಪಣಿ ಕೊಟ್ಟ. ಇತಿಹಾಸದವನಿಗೆ ಕವಿತೆಗಿಂತ ಆ ಟಿಪ್ಪಣಿಗಳೇ ನಿಧಿ. (ನಮ್ಮ ಕವಿಗಳೂ ಹೀಗೆ ಟಿಪ್ಪಣಿ ಬರೆದಿಟ್ಟಿದ್ದರೆ ನಾವು ಎಷ್ಟು ಜಗಳಗಳನ್ನು ಉಳಿಸಿಕೊಳ್ಳಬಹುದಾಗಿತ್ತು!)

ಅವನು ಹೇಳುವಂತೆ ಮೊದಲ ಆಟ ಕೇಲ್ ಗಿಡ ಕೀಳುವುದು. ಕೇಲ್ ಎಂಬುದು ಕೋಸಿನ ಜಾತಿಯ ಸೊಪ್ಪು. ಕಣ್ಣು ಮುಚ್ಚಿ, ಕೈಕೈ ಹಿಡಿದು ಕತ್ತಲಲ್ಲಿ ತೋಟಕ್ಕೆ ಹೋಗಿ, ಮೊದಲು ಕೈಗೆ ತಗುಲಿದ ಗಿಡವನ್ನು ಕಿತ್ತು ತರಬೇಕು. ಗಿಡ ಉದ್ದವೋ ಗಿಡ್ಡವೋ, ನೆಟ್ಟಗೋ ಸೊಟ್ಟಗೋ, ಗಂಡನೋ ಹೆಂಡತಿಯೋ ಹಾಗೆಯೇ ಇರುತ್ತಾರೆ. ಬೇರಿಗೆ ಮಣ್ಣು ಅಂಟಿಕೊಂಡಿದ್ದರೆ ಅದು ಬಳುವಳಿ, ಅಂದರೆ ಕೈಹಿಡಿಯುವವರೊಡನೆ ಬರುವ ಆಸ್ತಿ. ದಂಟಿನ ತಿರುಳನ್ನು ಕಚ್ಚಿ ನೋಡಿ, ಸಿಹಿಯಾದರೆ ಸಿಹಿ ಸ್ವಭಾವ, ಕಹಿಯಾದರೆ ಕಹಿ. ಕೊನೆಗೆ ಆ ದಂಟನ್ನು ಬಾಗಿಲ ಮೇಲೆ ಇಡುವುದು. ಅನಂತರ ಮನೆಯೊಳಗೆ ಕಾಲಿಟ್ಟವರ ಹೆಸರೇ ಬರಲಿರುವವರ ಹೆಸರು. ಜಾತಕದಲ್ಲಿ ನಾವು ರೂಪ, ಗುಣ, ಧನ, ನಾಮಾಕ್ಷರಗಳನ್ನು ನೋಡುವಂತೆ ಅವರು ಒಂದು ಸೊಪ್ಪಿನ ಗಿಡದಲ್ಲಿ ನಾಲ್ಕನ್ನೂ ನೋಡಿಬಿಟ್ಟರು.

ಇನ್ನೊಂದು ಬೀಜ ಸುಡುವ ಆಟ. ಎರಡು ಗಟ್ಟಿ ಚಿಪ್ಪಿನ ಬೀಜಗಳಿಗೆ ಒಬ್ಬ ಹುಡುಗನ, ಒಬ್ಬ ಹುಡುಗಿಯ ಹೆಸರಿಟ್ಟು ಒಲೆಯ ಕೆಂಡದಲ್ಲಿ ಪಕ್ಕಪಕ್ಕದಲ್ಲಿಡುವರು. ಎರಡೂ ಮೌನವಾಗಿ ಜೊತೆಯಾಗಿ ಉರಿದರೆ ಸಂಬಂಧ ಕೂಡುತ್ತದೆ. ಒಂದು ಸಿಡಿದು ಆಚೆ ಹಾರಿದರೆ ಮುರಿಯುತ್ತದೆ. ಮತ್ತೊಂದು ಮೂರು ಬಟ್ಟಲುಗಳದು. ಒಂದರಲ್ಲಿ ಶುದ್ಧ ನೀರು, ಒಂದರಲ್ಲಿ ಕೊಳಕು ನೀರು, ಇನ್ನೊಂದು ಬರಿದು. ಕಣ್ಣು ಕಟ್ಟಿಸಿಕೊಂಡು ಎಡಗೈ ಅದ್ದಬೇಕು. ಶುದ್ಧ ನೀರಾದರೆ ಕನ್ಯೆ, ಕೊಳಕು ನೀರಾದರೆ ವಿಧವೆ, ಬರಿದಾದರೆ ಮದುವೆಯೇ ಇಲ್ಲ. ಧೈರ್ಯಸ್ಥೆಯಾದ ಹುಡುಗಿ ಒಬ್ಬಳೇ ಮೇಣದ ಬತ್ತಿ ಹಿಡಿದು ಕನ್ನಡಿಯ ಮುಂದೆ ನಿಂತು ಸೇಬು ತಿಂದರೆ, ಭಾವಿ ಪತಿಯ ಮುಖ ಅವಳ ಭುಜದ ಮೇಲಿಂದ ಇಣುಕಿದಂತೆ ಕನ್ನಡಿಯಲ್ಲಿ ಕಾಣುವುದು. ಧಾನ್ಯ ಒಣಗಿಸುವ ಗೂಡಿನೊಳಕ್ಕೆ ನೀಲಿ ನೂಲಿನ ಉಂಡೆಯನ್ನು ಎಸೆದು ಸುತ್ತುತ್ತ ಬಂದರೆ, ಕೊನೆಗೆ ಯಾರೋ ನೂಲನ್ನು ಜಗ್ಗಿ ಹಿಡಿಯುತ್ತಾರೆ. ಯಾರೆಂದು ಕೇಳಿದರೆ ಹೆಸರು ಹೇಳುತ್ತಾರೆ. ಒಳಗೆ ಮೊದಲೇ ಅವಿತು ಕುಳಿತ ಪಡ್ಡೆ ಹುಡುಗರು ಎಷ್ಟು ಹೆಸರುಗಳನ್ನು ಹೇಳಿರಬಹುದೋ!

ಐರ್ಲೆಂಡಿನಲ್ಲಿ ಇದೇ ಪ್ರಶ್ನೆಯನ್ನು ರೊಟ್ಟಿಗೆ ಕೇಳಿದರು. ಒಣದ್ರಾಕ್ಷಿ ಹಾಕಿದ 'ಬಾರ್ನ್‌ಬ್ರ್ಯಾಕ್' ಎಂಬ ಸಿಹಿ ರೊಟ್ಟಿಯೊಳಗೆ ಒಂದು ಉಂಗುರ, ಒಂದು ನಾಣ್ಯ, ಒಂದು ಬಟ್ಟೆ ಚಿಂದಿ, ಒಂದು ಕಡ್ಡಿ, ಒಂದು ಬಟಾಣಿ ಹುದುಗಿಸಿಡುವರು. ಉಂಗುರ ಸಿಕ್ಕವರಿಗೆ ವರ್ಷದೊಳಗೆ ಮದುವೆ. ನಾಣ್ಯಕ್ಕೆ ಸಿರಿ, ಚಿಂದಿಗೆ ಬಡತನ, ಬಟಾಣಿ ಸಿಕ್ಕವರಿಗೆ ಆ ವರ್ಷ ಮದುವೆಯಿಲ್ಲ. ಕಡ್ಡಿಯ ಅರ್ಥ ಕೇಳಿದಾಗ ನನಗೆ ನಗು ಬರಲಿಲ್ಲ: ಬಾಳು ಜಗಳದಲ್ಲಿ ಕಳೆಯುತ್ತದೆ, ಆ ಕಡ್ಡಿಯೇ ಹೊಡೆಯುವ ಕೋಲು. ಐದು ವಸ್ತುಗಳಲ್ಲಿ ಬಡ ರೈತನ ಮಗಳೊಬ್ಬಳ ಮುಂದಿದ್ದ ಎಲ್ಲ ದಾರಿಗಳೂ ಅಡಗಿದ್ದವು.

ಆದರೆ ಐರಿಷ್ ಹಳ್ಳಿಗಳಲ್ಲಿ ಮದುವೆಗಳು ನಡೆಯುತ್ತಿದ್ದದ್ದು ಶರತ್ಕಾಲದಲ್ಲಲ್ಲ. ಈಸ್ಟರಿನ ಮುಂಚಿನ ನಲವತ್ತು ದಿನಗಳ ಉಪವಾಸವ್ರತ ಶುರುವಾಗುವ ಮೊದಲು, ಫೆಬ್ರವರಿಯ ಆಸುಪಾಸಿನಲ್ಲಿ. ವ್ರತದ ಕಾಲದಲ್ಲಿ ಇಗರ್ಜಿ ಮದುವೆಗೆ ಒಪ್ಪುತ್ತಿರಲಿಲ್ಲ. ವ್ರತದ ಮೊದಲ ಭಾನುವಾರ ಇನ್ನೂ ಅವಿವಾಹಿತರಾಗಿ ಉಳಿದವರ ಬೆನ್ನಿಗೆ ಚೇಷ್ಟೆಯ ಹುಡುಗರು ಸೀಮೆಸುಣ್ಣದ ಗೆರೆ ಎಳೆಯುತ್ತಿದ್ದರು. ಅದಕ್ಕೆ ಸೀಮೆಸುಣ್ಣದ ಭಾನುವಾರವೆಂದೇ ಹೆಸರು. ಅಕ್ಟೋಬರ್ ಕೊನೆಯ ರಾತ್ರಿ ಉಂಗುರ ಸಿಕ್ಕವಳಿಗೆ, ಆ ಗೆರೆಯಿಂದ ಪಾರಾಗಲು ಮೂರು ನಾಲ್ಕು ತಿಂಗಳ ಅವಕಾಶವಿತ್ತು ಎನ್ನೋಣ.

ಬರ್ನ್ಸ್ ಮಹಾಶಯನ ಸ್ವಂತ ಮದುವೆಯ ವಿಷಯವನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡಿನ ಅಂದಿನ ಕಾನೂನಿನಲ್ಲಿ ಗಂಡು ಹೆಣ್ಣು ಪರಸ್ಪರ ಒಪ್ಪಿ ಹೇಳಿಕೊಂಡರೆ, ಪುರೋಹಿತನಿಲ್ಲದೆಯೂ ಮದುವೆ ಆದಂತೆಯೇ. ಈ ಪದ್ಧತಿ ರದ್ದಾದದ್ದು 1940ರಲ್ಲಿ. 1786ರಲ್ಲಿ ಬರ್ನ್ಸ್ ತನ್ನಿಂದ ಗರ್ಭಿಣಿಯಾಗಿದ್ದ ಜೀನ್ ಆರ್ಮರ್‌ಳಿಗೆ ಇಂಥದೊಂದು ಕಾಗದ ಬರೆದುಕೊಟ್ಟ. ಅವಳ ತಂದೆ ಕಲ್ಲುಕುಟಿಗ. ಸಾಲಗಾರ ಗೇಣಿದಾರನೊಬ್ಬ ಅಳಿಯನಾಗುವುದನ್ನು ಸಹಿಸದೆ ಆ ಕಾಗದದಿಂದ ಹೆಸರುಗಳನ್ನು ಕತ್ತರಿಸಿ ಹಾಕಿಸಿದ. ಸೆಪ್ಟೆಂಬರಿನಲ್ಲಿ ಜೀನಳಿಗೆ ಅವಳಿ ಮಕ್ಕಳಾದವು. ಅಷ್ಟು ಹೊತ್ತಿಗೆ ಪುಸ್ತಕ ಪ್ರಕಟವಾಗಿ ಕವಿ ಪ್ರಸಿದ್ಧನಾಗಿದ್ದ. ಇಬ್ಬರೂ ಗಂಡಹೆಂಡಿರೆಂದು ಇಗರ್ಜಿಯ ಹಿರಿಯರು ಒಪ್ಪಿಕೊಂಡದ್ದು 1788ರಲ್ಲಿ. ಬೀಜ ಸಿಡಿದು ಆಚೆ ಹಾರಿ, ಮತ್ತೆ ಕೆಂಡಕ್ಕೆ ಬಂದು ಬಿದ್ದಂತಾಯಿತು.

ಇನ್ನು ಶರತ್ಕಾಲದ ಮದುವೆ. ಎಲೆಗಳು ಕೆಂಪಾಗುವ ಕಾಲದಲ್ಲಿ ಚಿತ್ರ ಚೆನ್ನಾಗಿ ಬರುತ್ತದೆಂದು ಹುಡುಗಿ ಹೇಳುತ್ತಾಳೆ. ಆದರೆ ಎಲೆಯ ಬಣ್ಣವನ್ನು ಯಾರೂ ಗಣಿಸದ ಕಾಲದಲ್ಲಿಯೂ ಇಂಗ್ಲೆಂಡಿನ ಬಹುಭಾಗದಲ್ಲಿ ಅಕ್ಟೋಬರ್, ನವೆಂಬರ್ ತಿಂಗಳುಗಳೇ ಮದುವೆಯ ತಿಂಗಳುಗಳಾಗಿದ್ದವು. ಇದನ್ನು ಕಂಡುಹಿಡಿದ ಬಗೆ ನನಗೆ ಬಹಳ ಹಿಡಿಸಿತು. 1538ರಲ್ಲಿ ಎಂಟನೆಯ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್ವೆಲ್ ಪ್ರತಿ ಊರಿನ ಇಗರ್ಜಿಯೂ ಜ್ಞಾನಸ್ನಾನ, ಮದುವೆ, ಶವಸಂಸ್ಕಾರಗಳನ್ನು ದಿನಾಂಕಸಮೇತ ಪುಸ್ತಕದಲ್ಲಿ ಬರೆದಿಡಬೇಕೆಂದು ಆಜ್ಞೆ ಮಾಡಿದ. ಆನ್ ಕುಸ್‌ಮಾಲ್ ಎಂಬ ಇತಿಹಾಸಕಾರ್ತಿ ಐನೂರಕ್ಕೂ ಹೆಚ್ಚು ಊರುಗಳ ಈ ಪುಸ್ತಕಗಳಿಂದ ಮದುವೆಗಳು ಯಾವ ತಿಂಗಳಲ್ಲಿ ಬಿದ್ದಿವೆಯೆಂದು ಎಣಿಸಿ, 1990ರಲ್ಲಿ ಒಂದು ಗ್ರಂಥ ಪ್ರಕಟಿಸಿದರು. ಗೋಧಿಯಂಥ ಧಾನ್ಯ ಬೆಳೆಯುವ ಸೀಮೆಗಳಲ್ಲಿ ಮದುವೆಗಳು ಕಟಾವಿನ ನಂತರ, ಶರತ್ಕಾಲದಲ್ಲಿ. ಕುರಿ ದನ ಸಾಕುವ ಸೀಮೆಗಳಲ್ಲಿ ಮರಿ ಕರುಗಳು ಹುಟ್ಟಿ ಕೆಲಸ ಹಗುರಾದ ಮೇಲೆ, ವಸಂತದ ಕೊನೆಗೆ. ಆದ್ದರಿಂದ ಒಂದು ಊರಿನ ಮದುವೆಗಳ ತಿಂಗಳನ್ನು ನೋಡಿದರೆ, ಆ ಊರಿನ ನೆಲದಲ್ಲಿ ಏನಿತ್ತೆಂದು ಹೇಳಬಹುದು. ಭೂದಾಖಲೆ ಇಲ್ಲದ ಊರುಗಳ ಬೇಸಾಯವನ್ನೂ ಅವರು ಹೀಗೆ ಮದುವೆಗಳಿಂದ ಓದಿ ತೆಗೆದರು.

ಕಾರಣ ಕೇವಲ ಬಿಡುವಲ್ಲ, ಸಂಬಳ. ಹದಿನೈದರಿಂದ ಇಪ್ಪತ್ನಾಲ್ಕರ ವಯಸ್ಸಿನ ಯುವಕ ಯುವತಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆಯವರ ಮನೆಯಲ್ಲಿ ಉಂಡುಟ್ಟು ದುಡಿಯುವ ವರ್ಷದ ಆಳುಗಳಾಗಿದ್ದರು. ನಮ್ಮ ಕಡೆ ಹಿಂದೆ ಯುಗಾದಿಗೆ ಸಂಬಳದಾಳನ್ನು ಗೊತ್ತುಮಾಡಿಕೊಳ್ಳುತ್ತಿದ್ದಂತೆ, ಅವರಲ್ಲಿ ದಕ್ಷಿಣದ ಕಡೆ ಸೆಪ್ಟೆಂಬರ್ 29ರ ಮೈಕೆಲ್ಮಸ್, ಉತ್ತರದ ಕಡೆ ನವೆಂಬರ್ 11ರ ಮಾರ್ಟಿನ್ಮಸ್ ಹಬ್ಬಗಳು ಆಳುಗಳ ವಾಯಿದೆ ಮುಗಿಯುವ ದಿನಗಳು. ಆಗ ಆಳುಗಳ ಜಾತ್ರೆ ಸೇರುತ್ತಿತ್ತು. ಕುರುಬ ಒಂದು ಉಣ್ಣೆಯ ಎಳೆಯನ್ನೂ, ಗಾಡಿ ಹೊಡೆಯುವವ ಚಾವಟಿಯ ಹುರಿಯನ್ನೂ ಟೋಪಿಗೆ ಸಿಕ್ಕಿಸಿಕೊಂಡು ನಿಲ್ಲುವರು; ಹೊಸ ಯಜಮಾನ ಒಂದು ನಾಣ್ಯ ಕೈಗಿಟ್ಟರೆ ಮುಂದಿನ ವರ್ಷ ಗೊತ್ತಾದಂತೆ. ಮನೆಯಾಳಾಗಿ ಇರುವಷ್ಟು ಕಾಲ ಮದುವೆಯಾಗುವಂತಿಲ್ಲ. ವಾಯಿದೆ ಮುಗಿದ ದಿನ ಮಾತ್ರ ಅವರು ಸ್ವತಂತ್ರರು, ಕೈಯಲ್ಲಿ ವರ್ಷದ ಸಂಬಳ ಒಟ್ಟಿಗೆ ಇರುತ್ತಿತ್ತು. ಹತ್ತಾರು ವರ್ಷ ಹೀಗೆ ಕೂಡಿಸಿ ಮದುವೆಯಾಗುವಷ್ಟರಲ್ಲಿ ಹೆಣ್ಣಿಗೆ ಇಪ್ಪತ್ತಾರು, ಗಂಡಿಗೆ ಇಪ್ಪತ್ತೆಂಟು. ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಸರಾಸರಿ ಇದು. ನಮ್ಮಲ್ಲಿ ಸುಗ್ಗಿ ಮುಗಿದು, ಕಾಳು ಮನೆಗೆ ಬಂದು, ಎತ್ತಿಗೂ ಆಳಿಗೂ ಬಿಡುವಾದ ಮಾಘದಿಂದ ಮುಂಗಾರಿನವರೆಗೆ ಮದುವೆಗಳಾಗುತ್ತಿದ್ದುದಕ್ಕೂ ಇದಕ್ಕೂ ಎಷ್ಟು ಅಂತರ? ಮುಹೂರ್ತವನ್ನು ಪಂಚಾಂಗ ಹೇಳುತ್ತದೆ, ಪಂಚಾಂಗಕ್ಕೆ ಕಣಜ ಹೇಳಿಕೊಟ್ಟಿರಬೇಕು ಎಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ಕೆಲವರಿಗೆ ನೆನಪಿರಬಹುದು.

ಸ್ಕಾಟ್ಲೆಂಡಿನಲ್ಲಿಯೂ ಮಾರ್ಟಿನ್ಮಸ್ ಒಂದು ವಾಯಿದೆಯ ದಿನ. ಹ್ಯಾಲೊವೀನ್ ಕಳೆದು ಹನ್ನೊಂದನೆಯ ದಿನಕ್ಕೆ ಅದು ಬರುತ್ತದೆ. ಕೆಂಡದಲ್ಲಿ ಬೀಜವಿಟ್ಟು ಉಸಿರು ಬಿಗಿಹಿಡಿದು ನೋಡುತ್ತಿದ್ದ ಆಳುಹುಡುಗಿಗೆ, ಇನ್ನು ಹನ್ನೊಂದು ದಿನಗಳಲ್ಲಿ ತಾನು ಯಾವ ಮನೆಯಲ್ಲಿರುತ್ತೇನೆ, ಆ ಹುಡುಗ ಯಾವ ಊರಿಗೆ ಹೋಗುತ್ತಾನೆ ಎಂಬುದು ತಿಳಿದಿರಲಿಲ್ಲ. ಅದನ್ನು ನೆನೆದರೆ ಆಟ ಬರಿಯ ಆಟವಾಗಿ ಕಾಣುವುದಿಲ್ಲ.

ಈಗ ಆ ಮಾಟಗಾತಿಯ ಗೊಂಬೆಯ ವಿಷಯಕ್ಕೆ ಬರುತ್ತೇನೆ. ಹ್ಯಾಲೊವೀನ್ ರಾತ್ರಿಗೂ ಮಾಟಗಾತಿಯರಿಗೂ ಬಿದ್ದ ಗಂಟುಗಳಲ್ಲಿ ಬಹು ಪ್ರಸಿದ್ಧವಾದದ್ದು ಒಂದು ಮದುವೆಯಿಂದಲೇ ಬಿದ್ದದ್ದು. ಅದೂ ಶರತ್ಕಾಲದ ಮದುವೆ.

1589ರ ಆಗಸ್ಟ್ 20ರಂದು ಡೆನ್ಮಾರ್ಕಿನ ರಾಜಕುಮಾರಿ ಆನಳಿಗೂ ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸನಿಗೂ ಕ್ರೋನ್‌ಬೋರ್ಗ್ ಅರಮನೆಯಲ್ಲಿ ವಿವಾಹವಾಯಿತು. ವಧುವಿಗೆ ಹದಿನಾಲ್ಕು, ವರನಿಗೆ ಇಪ್ಪತ್ತಮೂರು. ವರ ಅಲ್ಲಿರಲಿಲ್ಲ, ಅವನ ಪರವಾಗಿ ಒಬ್ಬ ಸರದಾರ ನಿಂತಿದ್ದ. ನಮ್ಮಲ್ಲಿ ಕತ್ತಿಗೆ ತಾಳಿ ಕಟ್ಟಿಸಿದ ಕಥೆಗಳಿಲ್ಲವೇ, ಹಾಗೆ. ಸೆಪ್ಟೆಂಬರಿನಲ್ಲಿ ವಧು ಹಡಗು ಹತ್ತಿದಳು. ಉತ್ತರ ಸಮುದ್ರದಲ್ಲಿ ಶರತ್ಕಾಲದ ಬಿರುಗಾಳಿ, ಹಡಗಿನಲ್ಲಿ ಸೋರಿಕೆ. ಮತ್ತೆ ಮತ್ತೆ ಹಿಂದಕ್ಕೆ ತಳ್ಳಲ್ಪಟ್ಟು ನಾರ್ವೆಯ ದಡ ಸೇರಿದಳು. ಕಾದು ಬೇಸತ್ತ ಜೇಮ್ಸ್ ಅಕ್ಟೋಬರ್ 22ರಂದು ತಾನೇ ಹಡಗೇರಿ ಹೊರಟ. ನವೆಂಬರ್ 23ರಂದು ಓಸ್ಲೋದಲ್ಲಿ ವಧೂವರರು ಎದುರುಬದುರು ನಿಂತು ಮದುವೆಯಾದರು. ಚಳಿಗಾಲವನ್ನು ಡೆನ್ಮಾರ್ಕಿನಲ್ಲಿ ಕಳೆದು 1590ರ ಮೇ 1ರಂದು ಸ್ವದೇಶಕ್ಕೆ ಬಂದಿಳಿದರು. ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು!

ಬಿರುಗಾಳಿಗೆ ಹೊಣೆ ಯಾರು? ಹಡಗುಗಳನ್ನು ಸರಿಯಾಗಿ ಸಜ್ಜುಗೊಳಿಸಲಿಲ್ಲವೆಂದು ಡೆನ್ಮಾರ್ಕಿನ ಖಜಾನೆಯ ಅಧಿಕಾರಿಯ ಮೇಲೆ ದೂರು ಬಂತು. ಅವನು ಆ ಹೊರೆಯನ್ನು ಮಾಟಗಾತಿಯರ ಮೇಲೆ ಇಳಿಸಿದ. ಕೋಪನ್‌ಹೇಗನ್ನಿನಲ್ಲಿ ಕೆಲವು ಹೆಂಗಸರನ್ನು ಹಿಡಿದು ಸುಟ್ಟರು. ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿತು. ಎಡಿನ್‌ಬರೋ ಸಮೀಪದ ಟ್ರನೆಂಟ್ ಎಂಬ ಊರಿನಲ್ಲಿ ಗೀಲಿಸ್ ಡಂಕನ್ ಎಂಬ ಮನೆಗೆಲಸದ ಹುಡುಗಿ ರೋಗಿಗಳಿಗೆ ಶುಶ್ರೂಷೆ ಮಾಡುತ್ತಾಳೆ, ರಾತ್ರಿ ಹೊರಗೆ ಹೋಗುತ್ತಾಳೆ ಎಂಬುದೇ ಯಜಮಾನನಿಗೆ ಸಂಶಯಕ್ಕೆ ಕಾರಣವಾಯಿತು. ಬೆರಳುಗಳನ್ನು ಯಂತ್ರದಲ್ಲಿ ಹಿಚುಕಿದ ಮೇಲೆ ಅವಳು ಹೆಸರುಗಳನ್ನು ಹೇಳಿದಳು. ಹಾಗೆ ಸಿಕ್ಕಿಬಿದ್ದವರಲ್ಲಿ ಆಗ್ನೆಸ್ ಸ್ಯಾಂಪ್ಸನ್ ಎಂಬ ವಯಸ್ಸಾದ ಸೂಲಗಿತ್ತಿಯೂ ಒಬ್ಬಳು. ಅವಳ ತಲೆ ಬೋಳಿಸಿ, ತಲೆಗೆ ಹಗ್ಗ ಬಿಗಿದು ಹಿಂಸಿಸಿದರು. ದೊರೆ ತಾನೇ ಕುಳಿತು ವಿಚಾರಣೆ ಮಾಡಿದ. 1591ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಕರಪತ್ರದ ಪ್ರಕಾರ ಹೊರಬಂದ 'ತಪ್ಪೊಪ್ಪಿಗೆ' ಇದು: ಹ್ಯಾಲೊವೀನ್ ರಾತ್ರಿ ಇನ್ನೂರು ಮಾಟಗಾತಿಯರು ಜರಡಿಗಳಲ್ಲಿ ಕುಳಿತು ಕಡಲ ಮೇಲೆ ತೇಲುತ್ತ ನಾರ್ತ್ ಬೆರಿಕ್ ಎಂಬಲ್ಲಿಯ ಇಗರ್ಜಿಗೆ ಬಂದರು, ಸೈತಾನನ ಮುಂದೆ ಕುಣಿದರು, ಗೀಲಿಸ್ ಡಂಕನ್ ವಾದ್ಯ ನುಡಿಸಿದಳು. ಆ ವಾದ್ಯ ಯಾವುದು ಗೊತ್ತೇ? ನಮ್ಮ ಸಂಗೀತ ಕಛೇರಿಗಳಲ್ಲಿ ನುಡಿಸುವ ಮೋರ್ಸಿಂಗಿನಂಥದ್ದು. ಕುತೂಹಲದಿಂದ ದೊರೆ ಅವಳನ್ನು ಕರೆಸಿ ತನ್ನೆದುರು ನುಡಿಸಿ ಕೇಳಿದನಂತೆ. ಹಿಚುಕಿಸಿಕೊಂಡ ಆ ಬೆರಳುಗಳಿಂದ!

ಆಗ್ನೆಸಳನ್ನು 1591ರ ಜನವರಿ 28ರಂದು ಎಡಿನ್‌ಬರೋ ಕೋಟೆಯ ಗುಡ್ಡದಲ್ಲಿ ಕತ್ತು ಬಿಗಿದು ಸುಟ್ಟರು. ಗೀಲಿಸಳೂ ಉಳಿಯಲಿಲ್ಲ. ಸಾಯುವ ಮುನ್ನ ಅವಳು, ತಾನು ಹೆಸರಿಸಿದ್ದ ಇಬ್ಬರು ಹೆಂಗಸರ ಮೇಲಿನ ಮಾತು ಸುಳ್ಳೆಂದು ಹೇಳಿದಳು. ದೊರೆ 1597ರಲ್ಲಿ ಮಾಟದ ವಿಷಯವಾಗಿ ತಾನೇ ಒಂದು ಗ್ರಂಥ ಬರೆದ; 1603ರಲ್ಲಿ ಇಂಗ್ಲೆಂಡಿಗೂ ರಾಜನಾದ. 'ಮ್ಯಾಕ್‌ಬೆತ್' ನಾಟಕದ ಮಾಟಗಾತಿ ಜರಡಿಯಲ್ಲಿ ಕಡಲು ದಾಟುವ ಮಾತನ್ನು ಆಡುವುದು ಅವನ ಆಳ್ವಿಕೆಯಲ್ಲಿಯೇ. 1563ರಿಂದ 1736ರವರೆಗೆ ಸ್ಕಾಟ್ಲೆಂಡಿನಲ್ಲಿ ಮಾಟದ ಆರೋಪ ಹೊತ್ತವರು ಸುಮಾರು 4000 ಮಂದಿ, ಬಹುಪಾಲು ಹೆಂಗಸರು. 2022ರ ಮಾರ್ಚ್ 8ರಂದು ಅಂದಿನ ಪ್ರಥಮ ಸಚಿವೆ ನಿಕೋಲಾ ಸ್ಟರ್ಜನ್ ಸ್ಕಾಟ್ಲೆಂಡಿನ ಸಂಸತ್ತಿನಲ್ಲಿ ಇವರೆಲ್ಲರ ಕ್ಷಮೆ ಕೇಳಿದರು. ನಾಲ್ಕು ನೂರು ವರ್ಷ ತಡವಾದರೂ ಕೇಳಿದರಲ್ಲ.

ಮುಂದಿನದು ನಿಮಗೆ ತಿಳಿದದ್ದೇ. 1845ರ ನಂತರದ ಆಲೂಗಡ್ಡೆ ಕ್ಷಾಮದಲ್ಲಿ ಐರಿಷರು ಹಡಗು ಹತ್ತಿ ಅಮೆರಿಕಕ್ಕೆ ಹೋದರು. ಊರಿನಲ್ಲಿ ಟರ್ನಿಪ್ ಗಡ್ಡೆ ಕೊರೆದು ದೀಪ ಇಡುತ್ತಿದ್ದವರಿಗೆ ಅಲ್ಲಿ ದೊಡ್ಡ ಸಿಹಿಗುಂಬಳ ಸಿಕ್ಕಿತು. ಇಪ್ಪತ್ತನೆಯ ಶತಮಾನದ ಆರಂಭದ ಹ್ಯಾಲೊವೀನ್ ಅಂಚೆಕಾರ್ಡುಗಳಲ್ಲಿ ಇನ್ನೂ ಮೇಣದ ಬತ್ತಿ ಹಿಡಿದು ಕನ್ನಡಿ ನೋಡುವ ಹುಡುಗಿಯ ಚಿತ್ರವಿದೆ. 1930ರ ದಶಕದ ನಂತರ ಹಬ್ಬ ಮಿಠಾಯಿ ಬೇಡುವ ಮಕ್ಕಳ ಪಾಲಾಗಿ, ವರಾನ್ವೇಷಣೆ ಮರೆತುಹೋಯಿತು. ಈಚಿನ ವರ್ಷಗಳಲ್ಲಿ ಅಮೆರಿಕದವರು ಹಳೆಯ ಜೂನ್ ತಿಂಗಳನ್ನು ಬಿಟ್ಟು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲೇ ಹೆಚ್ಚಾಗಿ ಮದುವೆಯಾಗತೊಡಗಿರುವುದರಿಂದ ಮದುವೆ ಮತ್ತೆ ಈ ಹಬ್ಬದ ಮನೆಗೆ ಬಂದಿದೆ.

ಅಕ್ಕನಿಗೆ ಇದನ್ನೆಲ್ಲ ಒಂದೇ ಸಲ ಹೇಳಲಿಲ್ಲ, ನಾಲ್ಕು ಭಾನುವಾರಗಳಲ್ಲಿ ಹೇಳಿದೆ. ನಮ್ಮ ಪಿತೃಪಕ್ಷ ಎಷ್ಟೇ ತಡವಾದರೂ ಅಕ್ಟೋಬರ್ ಮಧ್ಯದೊಳಗೆ ಮುಗಿಯುತ್ತದೆ, 31ಕ್ಕೆ ಅದರ ಬಾಧೆಯಿಲ್ಲ ಎಂದೆ. ಕೇಲ್ ಗಿಡದ ಬೇರಿನ ಮಣ್ಣಿನ ಮಾತು ಬಂದಾಗ ನಕ್ಕಳು. ಆಗ್ನೆಸಳ ಕಥೆಗೆ ಬಹಳ ಹೊತ್ತು ಸುಮ್ಮನಿದ್ದಳು. ನಮ್ಮ ತಾಯಿಯ ಆರೂ ಹೆರಿಗೆಗಳನ್ನು ಮಾಡಿಸಿದ ಸೂಲಗಿತ್ತಿಯನ್ನು ಆಕೆ ಕಂಡವಳು, ನನಗೆ ನೆನಪಿಲ್ಲ.

ಹುಡುಗಿಗೆ ನಾನು ಒಂದು ಪತ್ರ ಬರೆದೆ. ದಿನ ಬದಲಾಯಿಸಬೇಕಾಗಿಲ್ಲ, ಎಲೆ ಕಟ್ಟು, ಕುಂಬಳಕಾಯಿಯೊಳಗೆ ದೀಪವಿಡು, ಬಾಗಿಲಿಗೆ ಆ ಪೊರಕೆಯ ಹೆಂಗಸರನ್ನು ಮಾತ್ರ ತೂಗುಹಾಕಬೇಡ ಎಂದು ಬರೆದು, ಗೀಲಿಸ್ ಡಂಕನ್ನಳ ಹೆಸರನ್ನೂ ಬರೆದೆ. ವಾರದ ಮೇಲೆ ಉತ್ತರ ಬಂತು. "ತಾತ, ಗೊಂಬೆಗಳನ್ನು ವಾಪಸು ಕಳಿಸಿದ್ದೇವೆ. ಅವನ ಅಜ್ಜಿ ಬಾರ್ನ್‌ಬ್ರ್ಯಾಕ್ ಮಾಡಿಕೊಡುತ್ತಾರಂತೆ. ಉಂಗುರ ಮಾತ್ರ ಹಾಕುತ್ತಾರಂತೆ, ಕಡ್ಡಿ ಹಾಕುವುದಿಲ್ಲವಂತೆ. ನೀವು ಅಜ್ಜಿಗೆ ಹೇಳಿ."

ಹೇಳಿದೆ. ಅಕ್ಕ ಸ್ವಲ್ಪ ಯೋಚಿಸಿ, "ಆ ರೊಟ್ಟಿಗೆ ಮೊಟ್ಟೆ ಹಾಕ್ತಾರೇನೋ, ಅದನ್ನೊಂದು ಕೇಳು" ಎಂದಳು.